ಎರಡು ಹೆಸರು, ಒಂದೇ ಮದ್ದು

ನಾವು ಡಾಕ್ಟರರಲ್ಲ, ಇದನ್ನು ಮೊದಲೇ ಹೇಳಿಬಿಡ್ತೇವೆ. ನಮ್ಮ ಬಳಗದಲ್ಲಿ ಒಬ್ಬರು ತುಂಬ ವರ್ಷ ಫಾರ್ಮಸಿಸ್ಟ್ ಆಗಿದ್ದವರು, ಉಳಿದವರೆಲ್ಲ ಮಾಸ್ಟ್ರುಗಳು, ಟೀಚರುಗಳು. ಹೊಸ ಮದ್ದು ಹೇಳಲಿಕ್ಕೆ ಬಂದದ್ದಲ್ಲ. ನಿಮ್ಮ ಮನೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಈಗಾಗಲೇ ಇರುವ ಮಾತ್ರೆಗಳ ಬಗ್ಗೆ ಮಾತಾಡಲಿಕ್ಕೆ ಬಂದದ್ದು. ಡಬ್ಬಿ ತನ್ನಿ ಅಂತ ಹೇಳಿದ್ದೆವು, ಹೆಚ್ಚಿನವರು ತಂದಿದ್ದೀರಿ. ಸಂತೋಷ.

ನಮ್ಮ ಕಾಸರಗೋಡಿನವರಿಗೆ ಆಸ್ಪತ್ರೆ ಎರಡು ಕಡೆ. ಬಿಪಿ, ಶುಗರಿಗೆ ಊರಿನ ಸರಕಾರಿ ಆರೋಗ್ಯ ಕೇಂದ್ರ. ಕಾಯಿಲೆ ಸ್ವಲ್ಪ ದೊಡ್ಡದಾದರೆ ತಲಪಾಡಿ ದಾಟಿ ಮಂಗಳೂರು. ಆಸ್ಪತ್ರೆ ಎರಡಾದ ಮೇಲೆ ಚೀಟಿಯೂ ಎರಡು. ಇವರ ಚೀಟಿ ಅವರಿಗೆ ಗೊತ್ತಿಲ್ಲ, ಅವರ ಚೀಟಿ ಇವರಿಗೆ ಗೊತ್ತಿಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಪರಿಚಯದ ಅಜ್ಜನೊಬ್ಬರಿಗೆ ಹೀಗಾಯ್ತು. ಊರಿನಲ್ಲಿ ಶುಗರಿನ ಮಾತ್ರೆ ಸಿಗ್ತಾ ಇತ್ತು. ಮಗ ಮಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸಿದ, ಅಲ್ಲಿಯೂ ಶುಗರಿನ ಮಾತ್ರೆ ಬರೆದರು. ಬಣ್ಣ ಬೇರೆ, ಹೆಸರು ಬೇರೆ. ಅಜ್ಜ ಎರಡನ್ನೂ ತಿಂದರು. ಎರಡೂ ಡಾಕ್ಟರು ಕೊಟ್ಟದ್ದೇ ಅಲ್ವಾ? ಮೂರನೇ ದಿನ ಸಂಜೆ ಮೈಯೆಲ್ಲ ಬೆವರು, ಕೈ ನಡುಕ, ಮೊಮ್ಮಗಳ ಹೆಸರೇ ಬಾಯಿಗೆ ಬರಲಿಲ್ಲ. ಪಕ್ಕದ ಮನೆಯವರು ಪಿತ್ತ ಅಂದರು. ಪುಣ್ಯಕ್ಕೆ ಸೊಸೆಗೆ ಸಂಶಯ ಬಂದು ಸಕ್ಕರೆ ನೀರು ಕುಡಿಸಿದರು. ಆಸ್ಪತ್ರೆಗೆ ಮುಟ್ಟುವಾಗಲೂ ಶುಗರ್ ಕಮ್ಮಿಯೇ ಇತ್ತು, ಎರಡು ದಿನ ಅಲ್ಲೇ ಇಟ್ಟುಕೊಂಡರು. ಆಮೇಲೆ ಎರಡೂ ಸ್ಟ್ರಿಪ್ ಪಕ್ಕಪಕ್ಕ ಇಟ್ಟು ಓದಿದರೆ, ಒಳಗಿನ ಮದ್ದು ಒಂದೇ: ಗ್ಲಿಮೆಪಿರೈಡ್.

ಈ ಗ್ಲಿಮೆಪಿರೈಡ್ ಎಂತ ಮಾಡ್ತದೆ ಅಂದರೆ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಗೆ ಬರುವ ಹಾಗೆ ಮಾಡ್ತದೆ. ನೀವು ಊಟ ಮಾಡಿದ್ದೀರಾ, ಇಲ್ಲವಾ ಎಂದು ಅದು ಕೇಳುವುದಿಲ್ಲ. ಹಾಗಾಗಿ ಮಾತ್ರೆ ತಿಂದು ಊಟ ಬಿಟ್ಟರೆ ಶುಗರ್ ಇಳಿಯುತ್ತದೆ. ಏಕಾದಶಿ ಇರಲಿ, ರಂಜಾನ್ ಇರಲಿ, ಉಪವಾಸಕ್ಕೆ ಮೊದಲು ಡಾಕ್ಟರನ್ನು ಕೇಳಲೇಬೇಕು. ಶುಗರ್ 70ಕ್ಕಿಂತ ಕೆಳಗೆ ಹೋದರೆ ಬೆವರು, ನಡುಕ, ಹಸಿವು, ಗಲಿಬಿಲಿ. ಆಗ ಮೂರು-ನಾಲ್ಕು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಸೀದಾ ಆಸ್ಪತ್ರೆಗೆ.

ಮೆಟ್‌ಫಾರ್ಮಿನ್ ಬೇರೆ ತರಹದ್ದು. ಲಿವರು ರಕ್ತಕ್ಕೆ ಬಿಡುವ ಸಕ್ಕರೆಯನ್ನು ಅದು ಕಮ್ಮಿ ಮಾಡ್ತದೆ, ಇದ್ದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುವ ಹಾಗೆ ನೋಡಿಕೊಳ್ತದೆ. ಅದೊಂದನ್ನೇ ತಿಂದರೆ ಶುಗರ್ ಪಾತಾಳಕ್ಕೆ ಇಳಿಯುವುದು ಅಪರೂಪ. ಸುರುವಿಗೆ ಹೊಟ್ಟೆ ತೊಳಸಬಹುದು, ಭೇದಿ ಆಗಬಹುದು, ಅದಕ್ಕೇ ಊಟದ ಜೊತೆ ತಿನ್ನಲಿಕ್ಕೆ ಹೇಳುವುದು. ಹಲವು ವರ್ಷ ತಿಂದವರಲ್ಲಿ ಕೆಲವರಿಗೆ ಬಿ12 ಕಮ್ಮಿಯಾಗಿ ಕಾಲು ಜೋಮು ಹಿಡಿದ ಹಾಗೆ ಆಗ್ತದೆ. ವಯಸ್ಸಾಯ್ತು ಎಂದು ಸುಮ್ಮನೆ ಕೂರಬೇಡಿ, ರಕ್ತ ಪರೀಕ್ಷೆ ಉಂಟು. ಇನ್ನೊಂದು ಮಾತು: ಇವೆರಡೂ ಸೇರಿದ ಮಾತ್ರೆಯೂ ಬರ್ತದೆ. ಅದರ ಜೊತೆ ಒಂಟಿ ಮಾತ್ರೆಯೂ ಡಬ್ಬಿಯಲ್ಲಿದ್ದರೆ, ಬೇಕೆಂದೇ ಬರೆದದ್ದಾ ಎಂದು ಕೇಳಿ.

ಇನ್ನು ಕವರಿನ ವಿಷಯ. 1-0-1 ಅಂತ ಬರೆದರೆ ಬೆಳಿಗ್ಗೆ, ರಾತ್ರಿ ಎಂದು ಯಾರಿಗೂ ಗೊತ್ತಾಗ್ತದೆ, ಅಂಕಿಗೆ ಭಾಷೆ ಇಲ್ಲ. ಆದರೆ ಊಟಕ್ಕೆ ಮೊದಲಾ, ನಂತರವಾ ಎನ್ನುವುದು ಮಲಯಾಳ ಅಕ್ಷರದಲ್ಲಿರ್ತದೆ. ಮಾತಾಡಲಿಕ್ಕೆ ನಮಗೆಲ್ಲ ಬರ್ತದೆ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರಿಗೆ ಓದಲಿಕ್ಕೆ ಬರುವುದಿಲ್ಲ. 'ಮುನ್ಪ್' ಅಂದರೆ ಮೊದಲು. 'ಶೇಷಂ' ಅಂದರೆ ನಂತರ, ನಮ್ಮ ಶೇಷದ ಹಾಗೆ ಉಳಿದದ್ದಲ್ಲ. 'ಉಚ್ಚ' ಅಂದರೆ ಮಧ್ಯಾಹ್ನ, ನಗಬೇಡಿ ಮಾರಾಯ್ರೆ! ಗೊತ್ತಾಗದಿದ್ದರೆ ಮದ್ದು ಕೊಡುವವರ ಬಾಯಲ್ಲಿ ಕೇಳಿಕೊಂಡು, ಅಲ್ಲೇ ನಿಂತು ಕವರಿನ ಮೇಲೆ ಕನ್ನಡದಲ್ಲಿ ಬರೆಯಿರಿ. ಹಿಂದೆ ಲೈನ್ ಇದ್ದರೆ ಇರಲಿ.

ಬಿಪಿ ಮಾತ್ರೆಗೆ ಬರುವ. ಅಮ್ಲೊಡಿಪಿನ್ ರಕ್ತನಾಳದ ಗೋಡೆಯನ್ನು ಸಡಿಲ ಮಾಡ್ತದೆ, ಒತ್ತಡ ಇಳಿಯುತ್ತದೆ. ಕೆಲವರಿಗೆ ಪಾದದ ಗಂಟು ಊದಿಕೊಳ್ತದೆ. ಕಿಡ್ನಿ ಹೋಯ್ತು ಎಂದು ಹೆದರುವವರಿದ್ದಾರೆ, ಬಾವಿಗೆ ಬೇರೆ ಮಾತ್ರೆ ತಂದು ತಿನ್ನುವವರೂ ಇದ್ದಾರೆ. ಡಾಕ್ಟರಿಗೆ ಹೇಳಿದರೆ ಡೋಸ್ ಇಳಿಸಬಹುದು, ಇಲ್ಲ ಮದ್ದನ್ನೇ ಬದಲಿಸಬಹುದು. ಎನಲಾಪ್ರಿಲ್‌ನಿಂದ ಕೆಲವರಿಗೆ ಒಣ ಕೆಮ್ಮು. ತಿಂಗಳುಗಟ್ಟಲೆ ಕೆಮ್ಮಿನ ಸಿರಪ್ ಕುಡಿದರೂ ಹೋಗುವುದಿಲ್ಲ, ಯಾಕೆಂದರೆ ಕಾರಣ ಡಬ್ಬಿಯಲ್ಲಿದೆ. ಲೋಸಾರ್ಟನ್, ಟೆಲ್ಮಿಸಾರ್ಟನ್‌ನಲ್ಲಿ ಆ ಕೆಮ್ಮಿನ ಕಾಟ ತೀರಾ ಕಮ್ಮಿ. (ಎನಲಾಪ್ರಿಲ್ ಜಾತಿಯ ಮದ್ದಿನ ದಾರಿ ಸಿಕ್ಕಿದ್ದು ಬ್ರೆಜಿಲಿನ ಒಂದು ಹಾವಿನ ವಿಷದಿಂದ. ಮಾತ್ರೆಯಲ್ಲಿ ವಿಷ ಇಲ್ಲ.) ತುಟಿ, ನಾಲಿಗೆ ಊದಿದರೆ ಮಾತ್ರ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ.

"ಬಿಪಿ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ" ಎನ್ನುವವರು ಇಲ್ಲಿಯೂ ಇದ್ದೀರಿ. ನಾರ್ಮಲ್ ಬಂದದ್ದು ಮಾತ್ರೆಯಿಂದ.

ನಮಗೆ ಹೆಚ್ಚು ಚಿಂತೆ ನೋವಿನ ಮಾತ್ರೆಯದ್ದು. ಬೀಡಿ ಕಟ್ಟುವ ಅಕ್ಕಂದಿರು, ಅಡಿಕೆ ತೋಟದಲ್ಲಿ ದುಡಿಯುವವರು ಸೊಂಟ ನೋವಿಗೆ ಅಂಗಡಿಯಿಂದಲೇ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ತಂದು ತಿನ್ತಾರೆ. ನೋವು ಹೋಗ್ತದೆ, ಸುಳ್ಳಲ್ಲ. ಆದರೆ ಅದು ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿಪಿ ಏರಿಸ್ತದೆ, ಹೊಟ್ಟೆಯಲ್ಲಿ ಹುಣ್ಣು ಮಾಡಬಹುದು. ಎನಲಾಪ್ರಿಲ್ ಅಥವಾ ಟೆಲ್ಮಿಸಾರ್ಟನ್, ಜೊತೆಗೆ ಮೂತ್ರ ಹೋಗುವ ಮಾತ್ರೆ ತಿನ್ನುವವರು ಇದನ್ನೂ ತಿಂದರೆ ಕಿಡ್ನಿಗೆ ನೇರ ಪೆಟ್ಟು. ಪ್ಯಾರಸಿಟಮಾಲ್ ಇದಕ್ಕಿಂತ ವಾಸಿ, ಆದರೆ ಅದಕ್ಕೂ ಹತ್ತಾರು ಹೆಸರು. ಶೀತದ ಮಾತ್ರೆಯಲ್ಲಿ ಅದೇ, ನೋವಿನ ಜೋಡಿ ಮಾತ್ರೆಯಲ್ಲಿ ಅದೇ. ಎಲ್ಲ ಸೇರಿ ದಿನಕ್ಕೆ 4 ಗ್ರಾಂ ದಾಟಿದರೆ ಲಿವರಿಗೆ ಅಪಾಯ. ವಯಸ್ಸಾದವರಿಗೆ, ಕುಡಿಯುವವರಿಗೆ ಮಿತಿ ಇನ್ನೂ ಕಮ್ಮಿ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಹೊತ್ತಿಗೆ ಗಡಿಯ ರಸ್ತೆಗಳಿಗೆ ಮಣ್ಣು ಸುರಿದದ್ದು, ಮಂಗಳೂರಿಗೆ ಹೋಗಲಾಗದೆ ರೋಗಿಗಳು ತೀರಿಕೊಂಡದ್ದು ಮರೆತಿಲ್ಲ ಅಲ್ವಾ. ಆಗ ಮಂಗಳೂರಿನ ಚೀಟಿಯ ಬ್ರ್ಯಾಂಡ್ ಇಲ್ಲಿಯ ಅಂಗಡಿಯಲ್ಲಿ ಇಲ್ಲ ಎಂದು ಬರಿಗೈಯಲ್ಲಿ ಬಂದವರನ್ನು ನಾವೇ ನೋಡಿದ್ದೇವೆ. ಒಳಗಿನ ಮದ್ದಿನ ಹೆಸರು ಹೇಳಿದ್ದರೆ ಅದೇ ಬೇರೆ ಕಂಪೆನಿಯದ್ದು ಸಿಗ್ತಿತ್ತು. ಆ ಹೆಸರು ಪ್ರತಿ ಸ್ಟ್ರಿಪ್‌ನ ಮೇಲೂ ಇರಲೇಬೇಕು ಎಂದು ಕಾನೂನೇ ಇದೆ. ಕತ್ತರಿಸುವಾಗ ಹೆಸರಿರುವ ಭಾಗ ಬಿಸಾಡಬೇಡಿ.

ಈಗ ನಿಮಗೆ ಒಂದೊಂದು ಹಾಳೆ ಕೊಡ್ತೇವೆ. ಮದ್ದಿನ ಹೆಸರು, ಎಷ್ಟು ಮಿಲಿಗ್ರಾಂ ಎನ್ನುವುದನ್ನು ಇಂಗ್ಲಿಷಿನಲ್ಲಿ ನಾವು ಬರೆದುಕೊಡ್ತೇವೆ, ಅದು ಡಾಕ್ಟರಿಗೆ. ಯಾವುದಕ್ಕೆ, ಯಾವಾಗ ಎನ್ನುವುದನ್ನು ನೀವೇ ಕನ್ನಡದಲ್ಲಿ ಬರೆಯಿರಿ. ಒಂದೇ ಹೆಸರು ಎರಡು ಸಲ ಬಂದರೆ ಕೆಂಪು ಗೆರೆ ಹಾಕುವ. ಆದರೆ ಇಲ್ಲಿ ಯಾವ ಮಾತ್ರೆಯನ್ನೂ ನಿಲ್ಲಿಸುವುದಿಲ್ಲ. ಗೆರೆ ಬಿದ್ದವರು ನಾಳೆಯೇ ಆ ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಬೇಕು, ಬೇಕಾದರೆ ನಮ್ಮಲ್ಲೊಬ್ಬರು ಜೊತೆಗೆ ಬರ್ತಾರೆ. ಮುಂದಿನ ಸಾಲಿನ ಅಕ್ಕ, ನಿಮ್ಮ ಡಬ್ಬಿಯಿಂದಲೇ ಸುರು ಮಾಡುವ.