ಗಾಳಿಯ ತೇವ ಮತ್ತು ನಮ್ಮ ದಾಖಲೆಗಳ ಕೋಣೆ

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ನಮ್ಮ ಶಾಲೆಯ ದಾಖಲಾತಿ ಪುಸ್ತಕಗಳಿಗೂ ಈಗ ನೂರು ತುಂಬಿದೆ. ಅಜ್ಜನ ಜನ್ಮದಿನಾಂಕವನ್ನೋ ಮನೆಯ ಮಾತು ಕನ್ನಡವೆಂಬುದನ್ನೋ ತೋರಿಸಬೇಕಾದವರು ಇಂದಿಗೂ ಅವುಗಳನ್ನೇ ಕೇಳಿಕೊಂಡು ಬರುತ್ತಾರೆ. ಕೃಷ್ಣೆಯ ದಂಡೆಯ ಊರಿನಲ್ಲಿ ಕಾಗದಕ್ಕೆ ಮಹಾಪೂರ ಒಂದು ಶತ್ರು. 2005ನ್ನೂ 2019ನ್ನೂ ಮರೆತವರು ಇಲ್ಲಿಲ್ಲ. ಶ್ರಾವಣದ ತೇವ ಇನ್ನೊಂದು ಶತ್ರು. ಅದು ಸದ್ದಿಲ್ಲದೆ ಪ್ರತಿವರ್ಷವೂ ಬರುತ್ತದೆ. ದಾಖಲೆಗಳ ಕೋಣೆಗೆ ತೇವ ಹೀರುವ ಯಂತ್ರವೊಂದನ್ನು ಕೊಡಿಸುವುದಾಗಿ ಹಳೆಯ ವಿದ್ಯಾರ್ಥಿಗಳು ಮುಂದೆ ಬಂದಿದ್ದಾರೆ. ಅವರಿಗೆ ನಾನು ಕೃತಜ್ಞಳು. ಯಂತ್ರವನ್ನು ಆರಿಸುವಾಗ ಅದರ ಗಾತ್ರಕ್ಕಿಂತ ನಿಯಂತ್ರಣವನ್ನು ನೋಡಿರೆಂಬುದೇ ನನ್ನ ಬಿನ್ನಹ.

ಈ ವಿಷಯ ನಮ್ಮ ನಾಡಿಗೆ ಹೊಸದಲ್ಲ. ಹರಿಪುರದ ಹಗೇವುಗಳಲ್ಲಿ ಅರಿಸಿನವನ್ನು ವರ್ಷಗಟ್ಟಲೆ ಕೆಡದಂತೆ ಕಾಯ್ದವರು ನಮ್ಮ ಹಿರಿಯರು. ಆದರೆ ಹಗೇವಿಗೆ ತೇವವನ್ನು ಹೊರಹಾಕುವ ಶಕ್ತಿಯಿಲ್ಲ. ಒಣಗಿದ್ದನ್ನು ಒಣಗಿದಂತೆ ಇಡುವುದಷ್ಟೇ ಅದರ ಕೆಲಸ. ಕಾರ್ಖಾನೆಯ ಯಂತ್ರ ತೇವವನ್ನು ಹೊರಗೆ ಸಾಗಿಸುತ್ತದೆ.

ಅದರೊಳಗೆ ಜೇನುಗೂಡಿನಂತಹ ಚಕ್ರವೊಂದು ಗಂಟೆಗೆ ಕೆಲವೇ ಸುತ್ತು ತಿರುಗುತ್ತಿರುತ್ತದೆ. ಅದರ ಮೈಗೆ ಸಿಲಿಕಾ ಜೆಲ್ ಲೇಪಿಸಿರುತ್ತಾರೆ. ಕೋಣೆಯ ಗಾಳಿ ಚಕ್ರದ ಮುಕ್ಕಾಲು ಭಾಗದ ಮೂಲಕ ಹಾಯ್ದು ತನ್ನ ತೇವವನ್ನು ಅಲ್ಲಿ ಬಿಟ್ಟು ಹೋಗುತ್ತದೆ. ಉಳಿದ ಕಾಲು ಭಾಗದಲ್ಲಿ, ನೂರು ಡಿಗ್ರಿಗೂ ಮೀರಿ ಕಾಯಿಸಿದ ಬೇರೆ ಗಾಳಿಯೊಂದು ಜೆಲ್ಲಿನ ತೇವವನ್ನು ಹೊಡೆದೋಡಿಸುತ್ತದೆ. ಈ ಗಾಳಿಯನ್ನು ಕೊಳವೆಯ ಮೂಲಕ ಹೊರಗೇ ಬಿಡಬೇಕು. ಇಲ್ಲದಿದ್ದರೆ ತೆಗೆದ ತೇವವೆಲ್ಲ ಕೋಣೆಗೇ ಮರಳುತ್ತದೆ. ಜೆಲ್ ಬೇಗನೆ ಸವೆಯುವುದಿಲ್ಲ, ಆದರೆ ಗಾಳಿಯನ್ನು ಕಾಯಿಸುವುದಕ್ಕೆ ವಿದ್ಯುತ್ತು ಬಹಳ ಬೇಕು.

ಯಂತ್ರ ಯಾವಾಗ ನಿಲ್ಲಬೇಕೆಂಬುದನ್ನು ಹೇಳುವುದೇ ನಿಯಂತ್ರಕ. ಕೋಣೆಯ ಸಾಪೇಕ್ಷ ಆರ್ದ್ರತೆ ಶೇ. 50 ಇರಲೆಂದು ನಾವು ಇಟ್ಟರೆ, ಶೇ. 55 ಆದಾಗ ಚಾಲೂ, ಶೇ. 45ಕ್ಕೆ ಬಂದಾಗ ಬಂದ್. ನಡುವಿನ ಅಂತರವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಅದಿಲ್ಲದಿದ್ದರೆ ಯಂತ್ರ ನಿಮಿಷಕ್ಕೊಮ್ಮೆ ಹೊತ್ತಿ ಆರುತ್ತ ಬೇಗನೆ ಹಾಳಾದೀತು. ಉತ್ತಮ ಯಂತ್ರಗಳಲ್ಲಿ ಹೀಟರಿನ ಕಾವು ಅಗತ್ಯಕ್ಕೆ ತಕ್ಕಂತೆ ಏರಿಳಿಯುತ್ತದೆ. ನಿಲ್ಲುವಾಗ ಮೊದಲು ಆರುವುದು ಹೀಟರು. ಫ್ಯಾನು ಇನ್ನಷ್ಟು ಹೊತ್ತು ತಿರುಗಿ ಒಳಗಿನ ಕಾವನ್ನು ತಗ್ಗಿಸುತ್ತದೆ. ಆದ್ದರಿಂದ ಗೋಡೆಯ ಸ್ವಿಚ್ಚನ್ನು ತಟ್ಟನೆ ಆರಿಸುವ ನಮ್ಮ ಅಭ್ಯಾಸ ಇಲ್ಲಿ ಸಲ್ಲದು.

ಹಗಲಿರುಳೂ ಒಣಗಿಸಿದರೇನು ಎಂದು ಕೇಳಬಹುದು. ಶೇ. 65 ಮೀರಿದರೆ ಕಾಗದಕ್ಕೆ ಬೂಷ್ಟು ಹಿಡಿಯುವ ಭಯವಿದ್ದಂತೆ, ಶೇ. 30ಕ್ಕಿಂತ ಕೆಳಗಿಳಿದರೆ ಹಳೆಯ ಹಾಳೆ ಮಡಿಕೆಯಲ್ಲೇ ಮುರಿಯುವ ಭಯವಿದೆ. ಮಿರಜದಲ್ಲಿ ತಂಬೂರಿ ಮಾಡುವವರಿಗೆ ಇದನ್ನು ಹೇಳಬೇಕಾಗಿಲ್ಲ. ಅತಿಯಾಗಿ ಒಣಗಿದ ಮರ ಬಿರಿಯುವುದನ್ನು ಅವರು ಬಲ್ಲರು.

ಇನ್ನೊಂದು ತೊಡಕು ಉಷ್ಣತೆಯದು. ಘನಮೀಟರಿಗೆ ಸುಮಾರು 17 ಗ್ರಾಂ ನೀರಾವಿಯಿರುವ ಗಾಳಿ 20 ಡಿಗ್ರಿಯಲ್ಲಿ ತುಂಬಿ ತುಳುಕುತ್ತದೆ. 30 ಡಿಗ್ರಿಯಲ್ಲಿ ಅದೇ ಗಾಳಿಯ ಆರ್ದ್ರತೆ ಶೇ. 57ರ ಆಸುಪಾಸು! ಹೀಗಾಗಿ ಸಂವೇದಕವನ್ನು ಬಿಸಿಲು ಬೀಳುವ ಗೋಡೆಗೋ ಯಂತ್ರದ ಬಾಯಿಯ ಮುಂದೆಯೋ ಹಾಕಿದರೆ ಅದು ಸುಳ್ಳು ಹೇಳುತ್ತದೆ, ನಿಯಂತ್ರಕ ಆ ಸುಳ್ಳನ್ನು ನಂಬುತ್ತದೆ. ಅದರ ಸ್ಥಾನ ಕಪಾಟುಗಳ ನಡುವೆ.

ಸಂವೇದಕ ವರ್ಷಗಳು ಕಳೆದಂತೆ ದಾರಿ ತಪ್ಪುವುದೂ ಉಂಟು. ಅದನ್ನು ಪರೀಕ್ಷಿಸಲು ಅಡುಗೆಯ ಉಪ್ಪು ಸಾಕು. ಒದ್ದೆ ಮಾಡಿದ ಉಪ್ಪನ್ನು ಭರಣಿಯ ತಳದಲ್ಲಿಟ್ಟು, ಸಂವೇದಕ ಅದಕ್ಕೆ ತಾಗದಂತೆ ಮೇಲೆ ತೂಗಿಬಿಟ್ಟು, ಬಿಗಿಯಾಗಿ ಮುಚ್ಚಿ ಒಂದು ರಾತ್ರಿ ಬಿಟ್ಟರೆ, ಅದು ಶೇ. 75ರ ಹತ್ತಿರ ತೋರಿಸಬೇಕು. ಎಂಟನೆಯ ತರಗತಿಯ ಮಕ್ಕಳು ಇದನ್ನು ಪ್ರತಿ ತಿಂಗಳು ಮಾಡಿ ದಾಖಲಿಸಬಲ್ಲರು. ಸಂವೇದಕವನ್ನು ಬಿಚ್ಚಿ ತೆಗೆಯಲು ಬರುವಂತಹ ಯಂತ್ರವನ್ನೇ ದಯವಿಟ್ಟು ಕೊಡಿಸಿರಿ. ಭರಣಿಯೂ ಉಪ್ಪೂ ಶಾಲೆಯವು.