ಬಂಕಿನ ಒಡೆತನ ಮತ್ತು ಡೀಸೆಲ್ ದರ

ತೈಲ ಕಂಪನಿಗಳು ಖಾಸಗಿಯವರ ಪಾಲಾದರೆ ಡೀಸೆಲ್ ಕೈಗೆಟುಕುವುದೇ ಎಂಬ ಪ್ರಶ್ನೆ ಇಳಕಲ್ಲಿನ ಗ್ರಾನೈಟ್ ಲಾರಿಯವರಿಂದ ಬಾದಾಮಿಯ ಟ್ರ್ಯಾಕ್ಟರ್ ಮಾಲೀಕರವರೆಗೆ ಎಲ್ಲರದ್ದೂ ಹೌದು. 2019ರ ನವೆಂಬರಿನಲ್ಲಿ ಭಾರತ್ ಪೆಟ್ರೋಲಿಯಂನಲ್ಲಿನ ಪಾಲನ್ನು ಮಾರಲು ಕೇಂದ್ರ ಸಂಪುಟ ಒಪ್ಪಿತ್ತು. 2022ರ ಮೇ ತಿಂಗಳಲ್ಲಿ ಆ ಮಾರಾಟ ನಿಂತುಹೋಯಿತು. ಆತಂಕ ಮಾತ್ರ ಹೋಗಿಲ್ಲ.

ಇಂದು ಸರಕಾರದ್ದೆನಿಸಿದ ಎಲ್ಲ ಕಂಪನಿಗಳೂ ಮೊದಲಿನಿಂದ ಸರಕಾರದವಲ್ಲ. 1974ರಲ್ಲಿ ಎಸ್ಸೊ ಹಿಂದುಸ್ತಾನ್ ಪೆಟ್ರೋಲಿಯಂ ಆಯಿತು, 1976ರಲ್ಲಿ ಬರ್ಮಾ ಶೆಲ್ ಸರಕಾರದ ಕೈಸೇರಿ ಮುಂದೆ ಭಾರತ್ ಪೆಟ್ರೋಲಿಯಂ ಆಯಿತು. ಮಂಗಳೂರಿನ ಎಂಆರ್‌ಪಿಎಲ್ ಬಿರ್ಲಾ ಸಮೂಹದ ಪಾಲುದಾರಿಕೆಯಲ್ಲಿ ಹುಟ್ಟಿ, 2003ರಲ್ಲಿ ಒಎನ್‌ಜಿಸಿಯ ವಶಕ್ಕೆ ಬಂತು. ಸರಕಾರಿ ಕಂಪನಿಯ ಫಲಕ ಹೊತ್ತ ಬಂಕುಗಳಲ್ಲೂ ಹೆಚ್ಚಿನವನ್ನು ನಡೆಸುವವರು ಕಮಿಷನ್ ಪಡೆಯುವ ಖಾಸಗಿ ಡೀಲರುಗಳೇ.

ಮುಖ್ಯ ಸಂಗತಿ ಬೇರೆಯೇ ಇದೆ: ದರವನ್ನು ತಡೆಹಿಡಿದಾಗ ಆಗುವ ನಷ್ಟ ಯಾರ ತಲೆಗೆ? 2008ರ ಜುಲೈನಲ್ಲಿ ಕಚ್ಚಾತೈಲ ಬ್ಯಾರಲ್ಲಿಗೆ 147 ಡಾಲರ್ ಮುಟ್ಟಿತು. ಬಂಕಿನ ದರವನ್ನು ಕೇಂದ್ರ ಅಷ್ಟು ಏರಗೊಡಲಿಲ್ಲ. ಸರಕಾರಿ ಕಂಪನಿಗಳು ನಷ್ಟಕ್ಕೆ ಮಾರಿದವು. ಅದರ ಒಂದು ಪಾಲಿಗೆ ಸರಕಾರ ನಗದಿನ ಬದಲು ತೈಲ ಬಾಂಡ್ ಕೊಟ್ಟಿತು. ಖಾಸಗಿಯವರಿಗೆ ಅದೂ ಇಲ್ಲ. ರಿಲಯನ್ಸ್ ತನ್ನ ಬಂಕುಗಳನ್ನು ಮುಚ್ಚಿತು. ಬಾಂಡಿನ ಅಸಲು, ಬಡ್ಡಿ ಎರಡನ್ನೂ ಮುಂದಿನ ವರ್ಷಗಳಲ್ಲಿ ಬೊಕ್ಕಸವೇ ತೀರಿಸಬೇಕಾಯಿತು. ಇದನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ: ಬಂಕಿನಲ್ಲಿ ಉಳಿದ ದುಡ್ಡು ಉಳಿತಾಯವಲ್ಲ, ಸಾಲ. ಬೈಕೇ ಇಲ್ಲದ ಹುನಗುಂದದ ಕೂಲಿಕಾರನೂ ತೆರಿಗೆಯ ಮೂಲಕ ಅದಕ್ಕೆ ಪಾಲು ಕೊಟ್ಟಿದ್ದಾನೆ. ಈ ಲೆಕ್ಕ ಬಿಟ್ಟು ‘ಸರಕಾರದ ಕಂಪನಿ ಅಗ್ಗ’ ಎನ್ನುವುದು ಜನರನ್ನು ದಾರಿ ತಪ್ಪಿಸುವ ಮಾತು.

ಖಾಸಗಿಯವರು ಬಂದರೆ ಪೈಪೋಟಿಯಿಂದ ದರ ಕುಸಿಯುತ್ತದೆ ಎಂಬ ನಂಬಿಕೆಯೂ ಅಷ್ಟೇ ಪೊಳ್ಳು. ಪೆಟ್ರೋಲ್ ದರ 2010ರಲ್ಲಿ, ಡೀಸೆಲ್ ದರ 2014ರಲ್ಲಿ ಕಾಗದದ ಮೇಲೆ ನಿಯಂತ್ರಣ ಮುಕ್ತವಾದವು. ಆದರೂ ದರದ ಬಹುಭಾಗ ಕಚ್ಚಾತೈಲ, ರೂಪಾಯಿಯ ಬೆಲೆ ಮತ್ತು ತೆರಿಗೆ. 2024ರ ಜೂನ್‌ನಲ್ಲಿ ರಾಜ್ಯ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ ಶೇ. 29.84ಕ್ಕೆ ಏರಿಸಿದಾಗ ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಿತು. ಆ ತೆರಿಗೆಗೆ ಸರಕಾರಿ ಬಂಕು, ಖಾಸಗಿ ಬಂಕು ಎಂಬ ಭೇದವಿರಲಿಲ್ಲ.

ದರ ಗಿರಾಕಿಯ ಕೈಯಲ್ಲಿಲ್ಲ; ಅವನ ಕೈಯಲ್ಲಿರುವುದು ಅಳತೆ. ಸಂಶಯ ಬಂದರೆ ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ 5 ಲೀಟರ್ ಪಾತ್ರೆಯಲ್ಲಿ ಅಳೆದು ತೋರಿಸಲು ಯಾವ ಬಂಕಿನಲ್ಲಾದರೂ ಕೇಳಬಹುದು. ಮೀಟರ್ ಸೊನ್ನೆಗೆ ಬಂದ ಮೇಲೆಯೇ ನಳಿಕೆ ಟ್ಯಾಂಕಿಗೆ ಇಳಿಯಬೇಕು.