ತಕ್ಕಡಿ ಯಾರ ಕೈಯಲ್ಲಿತ್ತು?

(ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಲ್ಲಿ ಕೂತಿರುವ ಅಂಗಡಿಯವರಿಗೆ ತಕ್ಕಡಿಯ ವಿಚಾರ ನಾನು ಹೇಳಿಕೊಡಬೇಕಾಗಿಲ್ಲ. ತೂಕದ ಕಲ್ಲಿನ ಮೇಲೆ ಸರಕಾರದ ಮುದ್ರೆಯಿಲ್ಲದಿದ್ದರೆ ನಿಮಗೆ ದಂಡ. ಆದರೆ 2010ರಲ್ಲಿ ಅಮೆರಿಕದ ದಕ್ಷಿಣಕ್ಕಿರುವ ಮೆಕ್ಸಿಕೋ ಕೊಲ್ಲಿಯಲ್ಲಿ, ದಂಡ ತೆರಬೇಕಾದವನ ಕೈಯಲ್ಲೇ ತಕ್ಕಡಿ ಉಳಿದಿತ್ತು.

ಆ ವರ್ಷ ಏಪ್ರಿಲ್ 20ರ ರಾತ್ರಿ, ಬಿ.ಪಿ. ಕಂಪನಿಗಾಗಿ ಎಣ್ಣೆ ಬಾವಿ ಕೊರೆಯುತ್ತಿದ್ದ ‘ಡೀಪ್‌ವಾಟರ್ ಹೊರೈಜನ್’ ಎಂಬ ತೇಲುವ ಅಟ್ಟಣೆ ಸಿಡಿದು ಹೊತ್ತಿಕೊಂಡಿತು. 11 ಮಂದಿ ಕೆಲಸಗಾರರು ಸತ್ತರು. ಅವರ ಹೆಣವೂ ಮನೆಯವರಿಗೆ ಸಿಗಲಿಲ್ಲ. ಬಾವಿಯ ಬಾಯಿ ಒಂದೂವರೆ ಕಿಲೋಮೀಟರು ನೀರಿನಡಿ. ಮನುಷ್ಯ ಮುಳುಗಿ ತಲುಪಲಾರದ ಆಳ.

ಎಷ್ಟು ಸೋರುತ್ತಿದೆ? ಮೊದಲು ದಿನಕ್ಕೆ 1,000 ಪೀಪಾಯಿ ಎಂದರು, ಆಮೇಲೆ 5,000 ಎಂದರು. ಅಲ್ಲಿಯ ಕಾನೂನಿನಲ್ಲಿ ದಂಡವು ಸೋರಿದ ಪೀಪಾಯಿಗಳ ಲೆಕ್ಕದ ಮೇಲೆ. ಸೋರಿಕೆ ಕಡಿಮೆ ಕಂಡಷ್ಟೂ ಕಂಪನಿಗೆ ಉಳಿತಾಯ! ಕಡಲ ತಳದ ಚಿತ್ರವನ್ನು ಜನರಿಗೆ ತೋರಿಸಿ ಎಂದು ಸಂಸತ್ ಸದಸ್ಯ ಎಡ್ವರ್ಡ್ ಮಾರ್ಕೀ ಪಟ್ಟು ಹಿಡಿದ ಮೇಲೆಯೇ ಮೇ ತಿಂಗಳಲ್ಲಿ ಲೋಕ ಅದನ್ನು ಕಂಡಿತು. ಮೊದಲ ದಿನಗಳಲ್ಲಿ ದಿನಕ್ಕೆ 62,000 ಪೀಪಾಯಿ ಸೋರಿತ್ತೆಂದು ಸರಕಾರದ ವಿಜ್ಞಾನಿಗಳು ಕೊನೆಗೆ ಲೆಕ್ಕ ಹಾಕಿದರು.

ಮುಚ್ಚುವುದು ಹೇಗೆಂದು ಊರೆಲ್ಲ ಚರ್ಚೆ. ಲಕ್ಷಕ್ಕೂ ಮಿಕ್ಕಿ ಸಲಹೆಗಳು ಬಂದವು. 1966ರಲ್ಲಿ ಸೋವಿಯತ್ ಸರಕಾರ ಉಜ್ಬೆಕಿಸ್ತಾನದಲ್ಲಿ ಉರಿಯುತ್ತಿದ್ದ ಅನಿಲದ ಬಾವಿಯನ್ನು ಅಣುಸ್ಫೋಟದಿಂದ ಮುಚ್ಚಿತ್ತು. ಇಲ್ಲಿಯೂ ಹಾಗೇ ಮಾಡಿ ಎಂದವರುಂಟು. ಅಮೆರಿಕ ಸರಕಾರ ಒಪ್ಪಲಿಲ್ಲ, ಪುಣ್ಯ! ಕಬ್ಬಿಣದ ಗೋಪುರ ಕವಿಚಿದರು. ಅನಿಲವೂ ನೀರೂ ಸೇರಿ ಮಂಜಿನಂತೆ ಗಟ್ಟಿಯಾಗಿ ಅದರ ಕೊಳವೆ ಕಟ್ಟಿತು. ಮೇ ಕೊನೆಗೆ ಭಾರದ ಕೆಸರನ್ನೂ ರಬ್ಬರ್ ಚೂರುಗಳನ್ನೂ ತುರುಕಿದರು. ಬಾವಿ ಅದನ್ನೂ ಉಗುಳಿತು. ಗಿರಣಿಯ ಬಾಯ್ಲರ್ ನೋಡಿಕೊಳ್ಳುವ ಅಣ್ಣಂದಿರೇ, ಒತ್ತಡದ ಮುಳ್ಳು ಸುಳ್ಳು ತೋರಿಸುತ್ತಿದ್ದರೆ ನೀವು ಯಾವ ಧೈರ್ಯದಲ್ಲಿ ಕೆಲಸ ಮಾಡುತ್ತೀರಿ?

ಜುಲೈ 15ರಂದು ಹೊಸ ಬಿರಡೆ ಕೂತು ಸೋರಿಕೆ ನಿಂತಿತು. ಅಷ್ಟರಲ್ಲಿ 87 ದಿನ ಕಳೆದಿತ್ತು. ಪಕ್ಕದಿಂದ ಇನ್ನೊಂದು ಬಾವಿ ಕೊರೆದು ಬುಡಕ್ಕೆ ಸಿಮೆಂಟು ತುಂಬಿ, ಸೆಪ್ಟೆಂಬರ್ 19ಕ್ಕೆ ಬಾವಿ ಸತ್ತಿತೆಂದು ಸಾರಿದರು.

2012ರಲ್ಲಿ ಕಂಪನಿ 11 ಸಾವುಗಳ ಅಪರಾಧವನ್ನು ಒಪ್ಪಿಕೊಂಡಿತು. ಸೋರಿಕೆಯ ಪ್ರಮಾಣವನ್ನು ಸಂಸತ್ತಿನಿಂದ ಮರೆಮಾಚಿದ ಅಪರಾಧವನ್ನೂ ಒಪ್ಪಿಕೊಂಡಿತು. ಆದರೂ ತೂಕದ ಜಗಳ ತೀರಲಿಲ್ಲ. ಕಂಪನಿ 24 ಲಕ್ಷ 50 ಸಾವಿರ ಪೀಪಾಯಿ ಎಂದು ವಾದಿಸಿತು. 2015ರ ಜನವರಿಯಲ್ಲಿ ನ್ಯಾಯಾಲಯ ಬರೆದ ಲೆಕ್ಕ 31 ಲಕ್ಷ 90 ಸಾವಿರ.